ನೆಲದೊಳಗಿನ ಹಾವುಗಳಿಗೆ ಹೆಸರಿಟ್ಟ ಬೆಡ್ಡೋಮ್

ದಕ್ಷಿಣ ಭಾರತದ ಹಾವು, ಕಪ್ಪೆ, ಜರೀಗಿಡಗಳ ಅಧ್ಯಯನಕ್ಕೆ ತೊಡಗಿದವರಿಗೆ ಮತ್ತೆ ಮತ್ತೆ ಎದುರಾಗುವ ಹೆಸರು ರಿಚರ್ಡ್ ಹೆನ್ರಿ ಬೆಡ್ಡೋಮ್. ವೃತ್ತಿಯಿಂದ ಸೈನಿಕ, ಆಮೇಲೆ ಅರಣ್ಯಾಧಿಕಾರಿ. ಆದರೆ ಈತ ವಿಜ್ಞಾನ ಲೋಕದಲ್ಲಿ ಉಳಿದದ್ದು ಬಿಡುವಿನ ವೇಳೆಯ ಕೆಲಸದಿಂದ.

1830ರ ಮೇ 11ರಂದು ಲಂಡನ್ ಬಳಿ ಜನನ. ಮನೆಯವರಿಗೆ ಮಗ ವಕೀಲನಾಗಲೆಂಬ ಆಸೆ. ಬೆಡ್ಡೋಮ್‌ಗೆ ಅದು ಒಗ್ಗಲಿಲ್ಲ. 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದ. ಮದರಾಸು ಪ್ರಾಂತ್ಯದಲ್ಲಿ ಅರಣ್ಯ ಇಲಾಖೆಯನ್ನು ಕಟ್ಟುತ್ತಿದ್ದ ಹ್ಯೂ ಕ್ಲೆಗಾರ್ನ್ ಈ ತರುಣನ ಸಸ್ಯಾಸಕ್ತಿಯನ್ನು ಗಮನಿಸಿ 1857ರಲ್ಲಿ ತನ್ನ ಸಹಾಯಕನನ್ನಾಗಿ ಆರಿಸಿಕೊಂಡ. 1860ರ ದಶಕದಲ್ಲಿ ಇಲಾಖೆಯ ಮುಖ್ಯಸ್ಥನಾದ ಬೆಡ್ಡೋಮ್ 1882ರವರೆಗೂ ಅಲ್ಲಿಯೇ ದುಡಿದ. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಮತ್ತು ಕೊಳ್ಳೇಗಾಲದ ಕಾಡುಗಳೂ ಈತನ ಆಡಳಿತದಲ್ಲಿದ್ದವು.

ನೀಲಗಿರಿ, ಆನೈಮಲೈ, ಶೇವರಾಯ್, ಪಳನಿ, ಸಿರುಮಲೈ ಬೆಟ್ಟಗಳನ್ನು ಹತ್ತಿಳಿದ ಈತನ ಕಣ್ಣು ಮರಗಳ ಮೇಲಿದ್ದಷ್ಟೇ ಮರದ ಬುಡದ ಮಣ್ಣಿನ ಮೇಲೂ ಇತ್ತು. ಅಲ್ಲಿ ಸಿಗುತ್ತಿದ್ದುದು ಬಿಲ ತೋಡಿ ಬದುಕುವ ವಿಚಿತ್ರ ಹಾವುಗಳು: ಚೂಪು ಮೂತಿ, ಚಿಕ್ಕ ಕಣ್ಣು, ತುದಿ ಕತ್ತರಿಸಿ ಗುರಾಣಿ ಅಂಟಿಸಿದಂಥ ಮೊಂಡು ಬಾಲ. ಎರೆಹುಳುವೇ ಮುಖ್ಯ ಆಹಾರ. ಮೊಟ್ಟೆಯಿಡದೆ ಮರಿ ಹಾಕುತ್ತವೆ. ವಿಷವಿಲ್ಲ, ಕಚ್ಚುವ ಸ್ವಭಾವವೂ ಇಲ್ಲ. ಈ ಗುರಾಣಿಬಾಲದ ಹಾವುಗಳ ದೊಡ್ಡ ಪಾಲಿಗೆ ಮೊದಲು ವೈಜ್ಞಾನಿಕ ಹೆಸರಿಟ್ಟವನು ಬೆಡ್ಡೋಮ್. 1863ರಿಂದ ಆರಂಭವಾದ ಈ ಕೆಲಸ 1886ರಲ್ಲಿ ಭಾರತ ಮತ್ತು ಸಿಂಹಳದ ಮಣ್ಣು ಹಾವುಗಳ ಕುರಿತ ದೀರ್ಘ ಲೇಖನದಲ್ಲಿ ಒಟ್ಟುಗೂಡಿತು.

ಬೆಟ್ಟಕ್ಕೊಂದು ಜಾತಿ ಎಂಬಂತೆ ಹೆಸರಿಟ್ಟಿದ್ದು ಮುಂದಿನವರಿಗೆ ಅತಿಯಾಗಿ ಕಂಡಿರಬೇಕು. ಶೇವರಾಯ್ ಬೆಟ್ಟದಿಂದ 1863ರಲ್ಲಿ ಬೆಡ್ಡೋಮ್ ವಿವರಿಸಿದ ಹಾವನ್ನು ಬೇರೊಂದು ಜಾತಿಯೊಳಗೆ ಸೇರಿಸಿಬಿಟ್ಟಿದ್ದರು. 2014ರಲ್ಲಿ ಭಾರತೀಯ ಸಂಶೋಧಕರು ಅದು ಪ್ರತ್ಯೇಕ ಜಾತಿಯೇ ಎಂದು ತೋರಿಸಿ ಹಳೆಯ ಹೆಸರಿಗೆ ಜೀವ ಕೊಟ್ಟರು.

ಇದರ ಹಿಂದಿನ ಕಾರಣ ಸರಳ. ತೇವದ ಮಣ್ಣಿನಲ್ಲಿ ಬಿಲ ತೋಡುವ ಪ್ರಾಣಿಗೆ ಬೆಟ್ಟದ ಕೆಳಗಿನ ಒಣ ಕುರುಚಲು ಬಯಲು ಸಮುದ್ರವಿದ್ದಂತೆ. ಗಟ್ಟಿ ನೆಲ, ಸುಡುವ ಬಿಸಿಲು, ಎರೆಹುಳುವಿಲ್ಲದ ಮಣ್ಣು. ದಾಟಲಾಗದ ಹಾವು ತನ್ನ ಬೆಟ್ಟದ ಹಾವಿನೊಂದಿಗೇ ಕೂಡುತ್ತದೆ. ತಲೆಮಾರುಗಳು ಕಳೆದಂತೆ ಪ್ರತಿ ಬೆಟ್ಟದ ಸಮುದಾಯದ ವಂಶವಾಹಿಗಳಲ್ಲಿ ಬೇರೆ ಬೇರೆ ಬದಲಾವಣೆಗಳು ಶೇಖರವಾಗುತ್ತವೆ. ಹೊರಗಿನಿಂದ ನೋಡಿದರೆ ಹಲವು ಒಂದೇ ರೀತಿ ಕಾಣುತ್ತವೆ. ಕೆಲವೊಮ್ಮೆ ಡಿಎನ್‌ಎ ಓದಿದಾಗಲಷ್ಟೇ ಅಂತರ ಸ್ಪಷ್ಟವಾಗುತ್ತದೆ. ಹತ್ತು ಬೆಟ್ಟಗಳ ಹಾವುಗಳನ್ನು ಒಂದೇ ಹೆಸರಿನಡಿ ತಂದರೆ ಆ ಜಾತಿ ಸುರಕ್ಷಿತವೆಂದು ತೋರುತ್ತದೆ. ಹಾಗೆ ನಂಬಿ ಒಂದು ಬೆಟ್ಟದ ಮಣ್ಣು ಅಗೆದು ಹಾಕಿದರೆ ಒಂದು ವಂಶವೇ ಸದ್ದಿಲ್ಲದೆ ಮುಗಿದುಹೋಗಬಹುದು.

ಬೆಡ್ಡೋಮ್‌ನ ಕೆಲಸದಲ್ಲಿ ದೋಷಗಳಿಲ್ಲದಿಲ್ಲ. ಕೆಲವು ಮಾದರಿಗಳ ಸ್ಥಳನಾಮಗಳು ಅಸ್ಪಷ್ಟ. 1870ರಲ್ಲಿ ವಿವರಿಸಿದ ಕಾಲಿಲ್ಲದ ಹಾವುರಾಣಿಯೊಂದರ ನೆಲೆಯನ್ನು ಗೋಲ್ಕೊಂಡ ಬೆಟ್ಟವೆಂದು ದಾಖಲಿಸಿದ್ದಾನೆ. ಅದು ಹೈದರಾಬಾದಿನ ಕೋಟೆಯಲ್ಲ, ವಿಶಾಖಪಟ್ಟಣದ ಕಡೆಯ ಪೂರ್ವ ಘಟ್ಟ. ನೂರಕ್ಕೂ ಹೆಚ್ಚು ವರ್ಷ ಮರೆಯಾಗಿದ್ದ ಆ ಪ್ರಾಣಿ ಮತ್ತೆ ಸಿಕ್ಕಿದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ.

ಇನ್ನೂ ದೊಡ್ಡ ವಿರೋಧಾಭಾಸ ಹುದ್ದೆಯಲ್ಲೇ ಇತ್ತು. ಸರ್ಕಾರಕ್ಕೆ, ರೈಲು ಹಳಿಗಳಿಗೆ ಮರ ಒದಗಿಸಬೇಕಾದ ಇಲಾಖೆಯದು ಆತನ ಅಧಿಕಾರ. ಅದೇ ಕಾಡಿನ ನೆರಳಿನ ಮಣ್ಣು ಆತನ ಹಾವುಗಳ ಮನೆ. ದಕ್ಷಿಣ ಭಾರತದ ಮರಗಳ ಕುರಿತ ಆತನ ಬೃಹತ್ ಸಚಿತ್ರ ಗ್ರಂಥ 1869ರಿಂದ 1873ರ ನಡುವೆ ಕಂತುಗಳಲ್ಲಿ ಹೊರಬಂದದ್ದೂ ಇದೇ ಅವಧಿಯಲ್ಲಿ.

ನಿವೃತ್ತಿಯ ಬಳಿಕ ಇಂಗ್ಲೆಂಡಿಗೆ ಮರಳಿದ ಬೆಡ್ಡೋಮ್ 1883ರಲ್ಲಿ ಜರೀಗಿಡಗಳ ಕೈಪಿಡಿ ಪ್ರಕಟಿಸಿದ. 1911ರ ಫೆಬ್ರವರಿ 23ರಂದು ಅಲ್ಲಿಯೇ ನಿಧನನಾದ. ಆತ ಸಂಗ್ರಹಿಸಿದ ಹಾವುಗಳು ಲಂಡನ್ನಿನ ವಸ್ತುಸಂಗ್ರಹಾಲಯದ ಜಾಡಿಗಳಲ್ಲಿವೆ. ಅವುಗಳ ಚೀಟಿಯ ಮೇಲಿನ ಬೆಟ್ಟದ ಹೆಸರು ಹಿಡಿದು ಸಂಶೋಧಕರು ಮತ್ತೆ ಅದೇ ಬೆಟ್ಟಗಳನ್ನು ಹತ್ತಿದ್ದಾರೆ, ಹೊಸ ಮಾದರಿಯ ಡಿಎನ್‌ಎ ಅರಸಿ.