ಮಂಡಿಗೆ ಪೆಟ್ಟು, ಕೈಯಲ್ಲಿ ಗಡಿಯಾರ: ಪಾವೊ ನುರ್ಮಿ

ಬೇಸಿಗೆ ಹತ್ತಿರ ಬಂತೆಂದರೆ ನಮ್ಮ ಹಾಸ್ಟೆಲ್‌ನಲ್ಲಿ ಒಂದಷ್ಟು ಜನಕ್ಕೆ ಓಡುವ ಹುಚ್ಚು ಹಿಡಿಯುತ್ತದೆ. ಯಾವುದೋ 10ಕೆಗೆ ಹೆಸರು ಕೊಟ್ಟಾಗಿರುತ್ತದೆ, ಹೊಸ ಶೂ ಬಂದಿರುತ್ತದೆ, ಬೆಳಿಗ್ಗೆ ಐದೂವರೆಗೆ ಅಲಾರಾಂ. ಮೂರನೇ ವಾರಕ್ಕೆ ನಮ್ಮಲ್ಲೇ ಅರ್ಧ ಜನ ಕುಂಟುತ್ತಾ ಮೆಸ್ಸಿಗೆ ಹೋಗುತ್ತಿರುತ್ತೇವೆ. ಆಗ ಸಿಗುವ ಸಲಹೆ ಎರಡೇ ಥರದ್ದು. ಒಬ್ಬರು "ನೋವು ತಡ್ಕೋಬೇಕು ಮಗಾ, ಓಡು" ಅಂತಾರೆ. ಇನ್ನೊಬ್ಬರು "ಸುಮ್ನೆ ಬಿಟ್ಬಿಡು, ಸೆಮ್ ಹತ್ರ ಬಂತು" ಅಂತಾರೆ.

ಇವೆರಡರ ನಡುವೆ ಇನ್ನೊಂದು ದಾರಿ ಇದೆ ಅಂತ ನಮಗೆ ಅನ್ನಿಸಿದ್ದು ನೂರು ವರ್ಷ ಹಿಂದಿನ ಒಬ್ಬ ಓಟಗಾರನ ಬದುಕನ್ನು ಓದಿದಾಗ. ಅವರು ಫಿನ್ಲೆಂಡಿನ ಪಾವೊ ನುರ್ಮಿ. ಮೂರು ಒಲಿಂಪಿಕ್ಸ್‌ಗಳಲ್ಲಿ 9 ಚಿನ್ನ, 3 ಬೆಳ್ಳಿ ಗೆದ್ದವರು. ಓಡುವಾಗ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದುಕೊಂಡೇ ಓಡುತ್ತಿದ್ದವರು. ಎಂಜಿನಿಯರಿಂಗ್ ಓದುವ ನಮಗೆ ಈ ಮನುಷ್ಯ ಇಷ್ಟವಾಗದೆ ಇರಲು ಸಾಧ್ಯವೇ?

ಬೇಕರಿಯ ಗಾಡಿ

ನುರ್ಮಿ ಹುಟ್ಟಿದ್ದು 1897ರ ಜೂನ್ 13ರಂದು, ತುರ್ಕು ಎಂಬ ಬಂದರು ಪಟ್ಟಣದಲ್ಲಿ. ಆಗ ಫಿನ್ಲೆಂಡ್ ಇನ್ನೂ ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು. ಅಪ್ಪ ಬಡಗಿ. ಪಾವೊಗೆ ಹದಿಮೂರು ತುಂಬುವ ಹೊತ್ತಿಗೆ, 1910ರಲ್ಲಿ, ಅಪ್ಪ ತೀರಿಕೊಂಡರು. ಮರುವರ್ಷ ಒಬ್ಬ ತಂಗಿಯೂ ಹೋದಳು. ಅಡುಗೆಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟು, ತಾಯಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಬದುಕಿದರು. ಓದಿನಲ್ಲಿ ಚುರುಕಾಗಿದ್ದ ಹುಡುಗ ಶಾಲೆ ಬಿಟ್ಟು ಬೇಕರಿಯೊಂದಕ್ಕೆ ಕೆಲಸಕ್ಕೆ ಸೇರಿದ. ಕೆಲಸ ಅಂದ್ರೆ ಭಾರದ ಗಾಡಿಯನ್ನು ತುರ್ಕುವಿನ ಏರು ರಸ್ತೆಗಳಲ್ಲಿ ತಳ್ಳುವುದು. ಬೆನ್ನು ಮತ್ತು ಕಾಲಿಗೆ ಬಲ ಬಂದದ್ದೇ ಆ ಏರುಗಳಿಂದ ಎಂದು ಮುಂದೆ ಅವರೇ ನೆನೆಯುತ್ತಿದ್ದರು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ದೂರದ ಓಟಗಳಲ್ಲಿ ಮೂರು ಚಿನ್ನ ಗೆದ್ದರು. ಹದಿನೈದರ ಪಾವೊ ಕೆಲವೇ ದಿನಗಳಲ್ಲಿ ಮೊದಲ ಓಟದ ಶೂ ಕೊಂಡ. ಕೋಚ್ ಇಲ್ಲ, ಪುಸ್ತಕ ಇಲ್ಲ. ಬೇಸಿಗೆಯಲ್ಲಿ ಓಟ, ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ. ಊರಿನ ರೈಲಿನ ಹಿಂಬದಿ ಹಿಡಿದುಕೊಂಡು ಅದರ ವೇಗಕ್ಕೆ ಹೆಜ್ಜೆ ಉದ್ದ ಮಾಡಿಕೊಳ್ಳುತ್ತಿದ್ದನಂತೆ. (ಇದನ್ನು ಯಾರೂ ನಮ್ಮ ಬಿಎಂಟಿಸಿ ಬಸ್ಸಿನ ಹಿಂದೆ ಪ್ರಯತ್ನಿಸಬೇಡಿ.)

1919ರಲ್ಲಿ ಸೈನ್ಯಕ್ಕೆ ಸೇರಿದಾಗ 20 ಕಿ.ಮೀ. ನಡಿಗೆಯ ಸ್ಪರ್ಧೆ ಬಂತು. ಹೆಗಲಿಗೆ ಬಂದೂಕು, ಸೊಂಟಕ್ಕೆ ಗುಂಡಿನ ಪಟ್ಟಿ, ಬೆನ್ನಿಗೆ 5 ಕಿಲೋ ಮರಳಿನ ಚೀಲ. ಉಳಿದವರು ನಡೆದರು, ನುರ್ಮಿ ಉದ್ದಕ್ಕೂ ಓಡಿಬಿಟ್ಟರು. ಎಷ್ಟು ಬೇಗ ಬಂದರೆಂದರೆ ಅಧಿಕಾರಿಗಳಿಗೆ ಇವನೇನೋ ಅಡ್ಡದಾರಿ ಹಿಡಿದಿದ್ದಾನೆ ಎಂಬ ಅನುಮಾನ ಬಂತು.

ಆಂಟ್‌ವರ್ಪ್‌ನಲ್ಲಿ ಕಲಿತ ಪಾಠ

1920ರ ಆಂಟ್‌ವರ್ಪ್ ಒಲಿಂಪಿಕ್ಸ್ ನಮಗೂ ಸ್ವಲ್ಪ ಹತ್ತಿರದ್ದೇ. ಆ ಕೂಟದ ಮ್ಯಾರಥಾನ್‌ನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಓಡಿ 19ನೆಯವರಾಗಿ ಬಂದರು. ಆ ಮ್ಯಾರಥಾನ್ ಗೆದ್ದವರು ನುರ್ಮಿಯ ಆರಾಧ್ಯದೈವ ಕೊಲೆಹ್ಮೈನೆನ್.

ನುರ್ಮಿಯ ಮೊದಲ ಫೈನಲ್ 5,000 ಮೀಟರ್. ಅಲ್ಲಿ ಫ್ರಾನ್ಸಿನ ಜೋಸೆಫ್ ಗಿಯೆಮೊ ಅವರಿಗೆ ಸೋತರು. ಗಿಯೆಮೊ ಮೊದಲನೇ ಮಹಾಯುದ್ಧದಲ್ಲಿ ವಿಷಾನಿಲ ಕುಡಿದು ಬದುಕಿ ಬಂದಿದ್ದ ಸೈನಿಕ. ಮೂರೇ ದಿನಕ್ಕೆ 10,000 ಮೀಟರ್‌ನಲ್ಲಿ ನುರ್ಮಿ ಅದೇ ಗಿಯೆಮೊರನ್ನು ಹಿಂದೆ ಹಾಕಿ ಚಿನ್ನ ಗೆದ್ದರು. ಒಟ್ಟು ಮೂರು ಚಿನ್ನ, ಒಂದು ಬೆಳ್ಳಿ. ತುರ್ಕುವಿನ ಮನೆಗೆ ಕರೆಂಟು, ನಲ್ಲಿ ನೀರು ಬಂದದ್ದು ಈ ಗೆಲುವಿನ ನಂತರವೇ. ಹೆಲ್ಸಿಂಕಿಯ ಕೈಗಾರಿಕಾ ಶಾಲೆಯಲ್ಲಿ ಓದಲು ವಿದ್ಯಾರ್ಥಿವೇತನವೂ ಸಿಕ್ಕಿತು.

ಆದರೆ ಅವರ ಮನಸ್ಸಿನಲ್ಲಿ ಉಳಿದದ್ದು ಆ ಒಂದು ಸೋಲು. ಎದುರಾಳಿ ಎಳೆದ ಕಡೆಗೆ ತಾನು ಓಡಿದ್ದೇ ತಪ್ಪು ಎಂದುಕೊಂಡರು. ಅಲ್ಲಿಂದ ಮುಂದೆ ಅವರ ಓಟ ಎದುರಾಳಿಯ ಜೊತೆಗಲ್ಲ, ಗಡಿಯಾರದ ಜೊತೆಗೆ. ಪ್ರತಿ ಸುತ್ತಿಗೂ ಇಷ್ಟು ಸೆಕೆಂಡು ಅಂತ ಮೊದಲೇ ಲೆಕ್ಕ ಹಾಕಿ, ಅದರಂತೆಯೇ ಓಡುವುದು. ಶುರುವಿನಲ್ಲಿ ಜೋರಾಗಿ ಓಡಿದವನು ಕೊನೆಯಲ್ಲಿ ಬಡ್ಡಿ ಸಮೇತ ಕಟ್ಟುತ್ತಾನೆ, ಒಂದೇ ಸಮ ಓಡಿದರೆ ಅಷ್ಟೇ ಶಕ್ತಿಗೆ ಹೆಚ್ಚು ವೇಗ ಸಿಗುತ್ತದೆ. ಇವತ್ತು ನಮ್ಮ ಕೈಗಡಿಯಾರದ ಆ್ಯಪ್ ಹೇಳುವುದೂ ಇದನ್ನೇ. 1921ರಲ್ಲಿ 10,000 ಮೀಟರ್‌ನಲ್ಲಿ, 1923ರಲ್ಲಿ ಮೈಲಿಯಲ್ಲಿ ವಿಶ್ವದಾಖಲೆ ಬಂತು. ಮೈಲಿಯ ಆ 4 ನಿಮಿಷ 10.4 ಸೆಕೆಂಡು 1931ರವರೆಗೆ ನಿಂತಿತು.

ಬಿದ್ದ ವರ್ಷ

ಈಗ 1924. ಪ್ಯಾರಿಸ್ ಒಲಿಂಪಿಕ್ಸ್ ವರ್ಷ. ವಸಂತದಲ್ಲಿ, ಇನ್ನೂ ಮಂಜು ಕರಗದ ನೆಲದ ಮೇಲೆ ಓಡುವಾಗ ನುರ್ಮಿ ಜಾರಿ ಬಿದ್ದರು. ಮಂಡಿಗೆ ಪೆಟ್ಟಾಯಿತು. ಒಲಿಂಪಿಕ್ಸ್‌ಗೆ ಉಳಿದದ್ದು ಕೆಲವೇ ತಿಂಗಳು.

ಅದರ ಮೇಲೆ ಇನ್ನೊಂದು ತೊಡಕು. 1,500 ಮತ್ತು 5,000 ಮೀಟರ್ ಫೈನಲ್‌ಗಳು ಒಂದೇ ದಿನ, ಮೊದಲು ಹಾಕಿದ ವೇಳಾಪಟ್ಟಿಯಲ್ಲಿ ಬರೀ ಅರ್ಧ ಗಂಟೆ ಅಂತರದಲ್ಲಿ. ಫಿನ್ಲೆಂಡ್ ತಕರಾರು ಮಾಡಿದ ಮೇಲೆ ಅಂತರ ಸ್ವಲ್ಪ ಹೆಚ್ಚಿತು, ಆದರೂ ಒಂದು ಗಂಟೆ ತುಂಬಲಿಲ್ಲ. ಗಟ್ಟಿ ಕಾಲಿನವರೂ ಹಿಂಜರಿಯುವ ಕೆಲಸ ಇದು. ಪೆಟ್ಟಾದ ಮಂಡಿಯವರು ಏನು ಮಾಡಬೇಕು?

ನುರ್ಮಿ ತರಬೇತಿ ಶುರು ಮಾಡುತ್ತಿದ್ದದ್ದು ಓಟದಿಂದಲ್ಲ, ನಡಿಗೆಯಿಂದ. ಬೆಳಿಗ್ಗೆ 10–12 ಕಿ.ಮೀ. ನಡಿಗೆ, ನಡುನಡುವೆ ಚಿಕ್ಕ ಚಿಕ್ಕ ಓಟ. ಆಮೇಲೆ ವಿಶ್ರಾಂತಿ. ಆಮೇಲೆ ನೂರು ಮೀಟರ್ ಆಸುಪಾಸಿನ ನಾಲ್ಕೈದು ವೇಗದ ಓಟ, ಗಡಿಯಾರ ಹಿಡಿದು 400ರಿಂದ 1,000 ಮೀಟರಿನ ಒಂದು ಓಟ, ನಂತರ 3–4 ಕಿ.ಮೀ. ಸಂಜೆ ಮತ್ತೆ ಮೈದಾನದಾಚೆ 4–7 ಕಿ.ಮೀ. ಹೇಳಿದಷ್ಟು ದೂರ, ಹೇಳಿದಷ್ಟು ವೇಗ. ದಿನವನ್ನು ಹೀಗೆ ತುಂಡು ತುಂಡಾಗಿ ಅಳೆದಿಟ್ಟವನಿಗೆ ಒಂದು ಅನುಕೂಲವಿದೆ. ಇವತ್ತು ಕಾಲು ನಿನ್ನೆಗಿಂತ ಹೇಗಿದೆ ಅನ್ನುವುದು ಊಹೆಯ ಮಾತಾಗುವುದಿಲ್ಲ, ಲೆಕ್ಕಕ್ಕೆ ಸಿಗುತ್ತದೆ.

ಜೂನ್ 19ರಂದು ಹೆಲ್ಸಿಂಕಿಯಲ್ಲಿ ಅವರು ಮಾಡಿದ್ದು ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳಬೇಕೆಂದರೆ ಒಂದು ಲೋಡ್ ಟೆಸ್ಟ್. ಸೇತುವೆ ಕಟ್ಟಿದ ಮೇಲೆ ಜನರನ್ನು ಬಿಡುವ ಮೊದಲು ಭಾರ ಹೇರಿ ನೋಡುವುದಿಲ್ಲವೇ, ಹಾಗೆ. ಪ್ಯಾರಿಸ್‌ನಲ್ಲಿ ಕಾಲು ತಡೆಯುತ್ತದೋ ಇಲ್ಲವೋ ಅಂತ ನಂಬಿಕೆಯ ಮೇಲೆ ಬಿಡದೆ, ಮನೆಯಲ್ಲೇ ಪರೀಕ್ಷೆ ಮಾಡಿಬಿಟ್ಟರು. ಮೊದಲು 1,500 ಮೀಟರ್: 3 ನಿಮಿಷ 52.6 ಸೆಕೆಂಡು. ವಿಶ್ವದಾಖಲೆ. ಸುಮಾರು ಒಂದು ಗಂಟೆ ಬಿಡುವು. ಆಮೇಲೆ 5,000 ಮೀಟರ್: 14 ನಿಮಿಷ 28.2 ಸೆಕೆಂಡು. ಅದೂ ವಿಶ್ವದಾಖಲೆ. ಮಂಡಿ ಪರೀಕ್ಷೆಯಲ್ಲಿ ಪಾಸಾಗಿತ್ತು.

ಜುಲೈ 10ರಂದು ಪ್ಯಾರಿಸ್‌ನಲ್ಲಿ ನಡೆದದ್ದು ಅದರ ಎರಡನೇ ಪ್ರಯೋಗ ಅಷ್ಟೇ ಅನ್ನಬಹುದು. 1,500 ಮೀಟರ್‌ನಲ್ಲಿ ಶುರುವಿಗೇ ವೇಗವಾಗಿ ಓಡಿ ಎದುರಾಳಿಗಳನ್ನು ಸುಸ್ತು ಮಾಡಿ, ಗಡಿಯಾರವನ್ನು ಹುಲ್ಲಿನ ಮೇಲೆ ಎಸೆದು, ಕೊನೆಗೆ ಸ್ವಲ್ಪ ಸಡಿಲ ಬಿಟ್ಟೂ 3:53.6ಕ್ಕೆ ಗೆದ್ದರು. ಸಡಿಲ ಬಿಟ್ಟದ್ದು ಸೋಮಾರಿತನದಿಂದಲ್ಲ, ಮುಂದಿನ ಓಟಕ್ಕೆ ಉಳಿಸಿಟ್ಟದ್ದು. ಒಂದು ಗಂಟೆಯೊಳಗೆ ಮತ್ತೆ ಟ್ರ್ಯಾಕಿಗಿಳಿದು, ತಮ್ಮದೇ ದೇಶದ ವಿಲ್ಲೆ ರಿಟೋಲಾ ಅವರನ್ನು ಹಿಂದಿಟ್ಟು 14:31.2ಕ್ಕೆ 5,000 ಮೀಟರ್ ಮುಗಿಸಿದರು. ಆ ಟ್ರ್ಯಾಕ್ 500 ಮೀಟರಿನದು. ಅಂದ್ರೆ ಹತ್ತು ಸುತ್ತು, ಸುತ್ತಿಗೆ ಸರಾಸರಿ 87 ಸೆಕೆಂಡು.

ಎರಡು ದಿನ ಬಿಟ್ಟು ಕ್ರಾಸ್ ಕಂಟ್ರಿ. ಅವತ್ತಿನ ಬಿಸಿಲು 40 ಡಿಗ್ರಿ ಮೀರಿತ್ತು. ಹೊರಟ 38 ಜನರಲ್ಲಿ ಗುರಿ ಮುಟ್ಟಿದ್ದು 15 ಜನ ಮಾತ್ರ. ದಾರಿಯುದ್ದಕ್ಕೂ ಓಟಗಾರರು ಕುಸಿದರು. ಫಿನ್ಲೆಂಡಿನದೇ ಹೈಕ್ಕಿ ಲೀಮತೈನೆನ್ ಗುರಿಯ ಹತ್ತಿರ ಬಂದು ದಿಕ್ಕು ತೋಚದೆ ನಿಂತುಬಿಟ್ಟರು, ಹೇಗೋ ತೂರಾಡುತ್ತಾ 12ನೆಯವರಾಗಿ ಮುಗಿಸಿದರು. ನುರ್ಮಿ ಮಾತ್ರ ಒಂದು ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದು, ಏನೂ ಆಗದವರಂತೆ ನಡೆದು ಹೋದರು. ಮಾರನೇ ದಿನ 3,000 ಮೀಟರ್ ತಂಡದ ಓಟ. ಒಟ್ಟು ಐದು ಚಿನ್ನ.

10,000 ಮೀಟರ್ ಓಡಲು ಮಾತ್ರ ಅವರ ದೇಶದ ಅಧಿಕಾರಿಗಳು ಬಿಡಲಿಲ್ಲ. ಅದನ್ನು ರಿಟೋಲಾ ವಿಶ್ವದಾಖಲೆಯೊಂದಿಗೆ ಗೆದ್ದರು. ನುರ್ಮಿ ಆಗಸ್ಟ್ 31ರಂದು ತಾಯ್ನಾಡಿನಲ್ಲಿ ಅದೇ ದೂರವನ್ನು 30 ನಿಮಿಷ 6.2 ಸೆಕೆಂಡಿಗೆ ಓಡಿದರು, ರಿಟೋಲಾ ದಾಖಲೆಗಿಂತ 17 ಸೆಕೆಂಡು ಕಡಿಮೆ. ಅದು 1937ರವರೆಗೆ ಉಳಿಯಿತು. ಮಾತಿಲ್ಲದ ಮನುಷ್ಯನ ಉತ್ತರ ಹೀಗೇ ಇರುತ್ತದೆ.

ಗಡಿಯಾರಕ್ಕೆ ಸಿಗದ ಲೆಕ್ಕ

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರೀ ಗೆಲುವಿನ ಕಥೆಯಾಗುತ್ತದೆ. ದೇಹದ ಹತ್ತಿರವೂ ಒಂದು ಲೆಕ್ಕದ ಪುಸ್ತಕ ಇರುತ್ತದೆ. 1925ರಲ್ಲಿ ಅಮೆರಿಕ ಪ್ರವಾಸಕ್ಕೆ ಹೋದ ನುರ್ಮಿ ಐದು ತಿಂಗಳಲ್ಲಿ 55 ಸ್ಪರ್ಧೆಗಳಲ್ಲಿ ಓಡಿದರು, 51 ಗೆದ್ದರು. ಲೆಕ್ಕ ಹಾಕಿ ನೋಡಿ: ಮೂರು ದಿನಕ್ಕೊಂದು ಓಟ, ನಡುವೆ ರೈಲು ಪ್ರಯಾಣ. ಎಲ್ಲವನ್ನೂ ಅಳೆಯುವವರು ವಿಶ್ರಾಂತಿಯನ್ನು ಮಾತ್ರ ಅಳೆಯಲಿಲ್ಲವೇನೋ ಅಂತ ನಮಗೆ ಅನ್ನಿಸುತ್ತದೆ. 1924ರಂಥ ಬೇಸಿಗೆ ಮತ್ತೆ ಬರಲಿಲ್ಲ.

1928ರ ಆಮ್‌ಸ್ಟರ್‌ಡ್ಯಾಂನಲ್ಲಿ 10,000 ಮೀಟರ್ ಚಿನ್ನ ಅವರದ್ದೇ. ಆದರೆ ಸ್ಟೀಪಲ್‌ಚೇಸ್ ಹೀಟ್‌ನಲ್ಲಿ ನೀರಿನ ಗುಂಡಿ ದಾಟುವಾಗ ಬಿದ್ದರು. ಫ್ರಾನ್ಸಿನ ಲೂಸಿಯೆನ್ ದ್ಯುಕೇನ್ ನಿಂತು ಕೈಹಿಡಿದು ಎಬ್ಬಿಸಿದರು. ನಗುವುದೇ ಗೊತ್ತಿಲ್ಲ ಅನ್ನಿಸಿಕೊಂಡಿದ್ದ ನುರ್ಮಿ ಅದಕ್ಕೆ ಪ್ರತಿಯಾಗಿ ದ್ಯುಕೇನ್‌ರ ಜೊತೆಗೇ ಓಡಿ, ಉಳಿದವರನ್ನೆಲ್ಲ ದಾಟಿಸಿ ಕರೆದುಕೊಂಡು ಬಂದರು. ಗುರಿಯ ಹತ್ತಿರ ಮೊದಲ ಸ್ಥಾನವನ್ನೂ ಬಿಟ್ಟುಕೊಡಲು ಹೋದರು, ದ್ಯುಕೇನ್ ಒಪ್ಪಲಿಲ್ಲ. ಆ ಕೂಟದ 5,000 ಮತ್ತು ಸ್ಟೀಪಲ್‌ಚೇಸ್ ಫೈನಲ್‌ಗಳಲ್ಲಿ ನುರ್ಮಿಗೆ ಸಿಕ್ಕಿದ್ದು ಬೆಳ್ಳಿ.

ಉಳಿದದ್ದು ಒಂದೇ ಆಸೆ. ಕೊಲೆಹ್ಮೈನೆನ್‌ರಂತೆ ಮ್ಯಾರಥಾನ್ ಗೆದ್ದು ಓಟ ಮುಗಿಸಬೇಕು. 1932ರ ಜೂನ್‌ನಲ್ಲಿ ವೀಪುರಿಯಲ್ಲಿ ನಡೆದ ಆಯ್ಕೆಯ ಓಟದಲ್ಲಿ 40.2 ಕಿ.ಮೀ. ದೂರವನ್ನು 2 ಗಂಟೆ 22 ನಿಮಿಷ 4 ಸೆಕೆಂಡಿಗೆ ಮುಗಿಸಿದರು. ಎರಡನೆಯವರಾದ ಅರ್ಮಾಸ್ ತೊಯ್ವೊನೆನ್ ಆರು ನಿಮಿಷ ಹಿಂದಿದ್ದರು. ವಯಸ್ಸು 35. ಹಿಮ್ಮಡಿಯ ಮೇಲಿನ ಅಕಿಲಿಸ್ ನರ ಕೈಕೊಡುತ್ತಿತ್ತು. ಆದರೂ ಲಾಸ್ ಏಂಜಲಿಸ್‌ಗೆ ಹೋದರು, ಅಲ್ಲೂ ಅಭ್ಯಾಸ ಮಾಡಿದರು.

ತಡೆದದ್ದು ಕಾಲಲ್ಲ, ಖರ್ಚಿನ ಪಟ್ಟಿ. ಆ ಕಾಲದಲ್ಲಿ ಒಲಿಂಪಿಕ್ಸ್‌ನಲ್ಲಿ ಓಡಬೇಕಾದರೆ ಹವ್ಯಾಸಿಯಾಗಿರಬೇಕು, ಓಟದಿಂದ ಹಣ ಮಾಡುವಂತಿಲ್ಲ. ಜರ್ಮನಿ ಪ್ರವಾಸದಲ್ಲಿ ನಿಯಮ ಮೀರಿ ಖರ್ಚಿನ ಹಣ ತೆಗೆದುಕೊಂಡರು ಎಂಬ ಆರೋಪದ ಮೇಲೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಅವರನ್ನು ಅಮಾನತು ಮಾಡಿತ್ತು. ಕೂಟ ಶುರುವಾಗುವ ಸ್ವಲ್ಪ ಮೊದಲು ಅದನ್ನೇ ಗಟ್ಟಿ ಮಾಡಿತು. ಮ್ಯಾರಥಾನ್ ಓಡಬೇಕಿದ್ದ ಎದುರಾಳಿಗಳೇ ಅವರ ಪರ ಮನವಿ ಕೊಟ್ಟರೂ ಫಲ ಸಿಗಲಿಲ್ಲ. ಅರ್ಜೆಂಟೀನಾದ ಹ್ವಾನ್ ಕಾರ್ಲೋಸ್ ಝಬಾಲಾ ಗೆದ್ದರು. ವೀಪುರಿಯಲ್ಲಿ ನುರ್ಮಿಗಿಂತ ಆರು ನಿಮಿಷ ಹಿಂದಿದ್ದ ತೊಯ್ವೊನೆನ್‌ಗೆ ಕಂಚು ಬಂತು. ಆ ಹಿಮ್ಮಡಿ 42 ಕಿ.ಮೀ. ತಡೆಯುತ್ತಿತ್ತೋ ಇಲ್ಲವೋ, ಈ ಒಂದು ಪರೀಕ್ಷೆ ಮಾತ್ರ ನಡೆಯಲೇ ಇಲ್ಲ.

ಕೊನೆಯ ಸುತ್ತು

ಓಟ ಬಿಟ್ಟ ಮೇಲೆ ನುರ್ಮಿ ಹೆಲ್ಸಿಂಕಿಯಲ್ಲಿ ಅಂಗಡಿ ಇಟ್ಟರು, ವಸತಿ ಕಟ್ಟಡಗಳನ್ನು ಕಟ್ಟಿಸಿದರು, ಚೆನ್ನಾಗಿ ದುಡಿದರು. 1952ರಲ್ಲಿ ಒಲಿಂಪಿಕ್ಸ್ ಅದೇ ಹೆಲ್ಸಿಂಕಿಗೆ ಬಂತು. ಜ್ಯೋತಿ ಹಿಡಿದು ಕ್ರೀಡಾಂಗಣಕ್ಕೆ ಓಡಿ ಬಂದವರು 55ರ ನುರ್ಮಿ. ಅವರಿಂದ ಜ್ಯೋತಿ ಮುಂದೆ ಹೋಗಿ ತಲುಪಿದ್ದು ಗೋಪುರದ ಮೇಲಿದ್ದ ಕೊಲೆಹ್ಮೈನೆನ್ ಕೈಗೆ. ಹದಿನೈದರಲ್ಲಿ ಶೂ ಕೊಳ್ಳುವಂತೆ ಮಾಡಿದ ಅದೇ ಮನುಷ್ಯ.

ಮುಂದೆ ತೊಂದರೆ ಕೊಟ್ಟದ್ದು ಮಂಡಿಯಲ್ಲ, ಹಿಮ್ಮಡಿಯಲ್ಲ, ಹೃದಯ. 1968ರಲ್ಲಿ ಅವರು ತಮ್ಮ ಹೆಸರಿನ ಪ್ರತಿಷ್ಠಾನ ಮಾಡಿ ಹೃದ್ರೋಗದ ಸಂಶೋಧನೆಗೆ ಹಣ ಇಟ್ಟರು. ಅಳತೆ ಮಾಡುವ ಕೆಲಸವನ್ನು ಬೇರೆಯವರ ಕೈಗೆ ಒಪ್ಪಿಸಿದಂತೆ. 1973ರ ಅಕ್ಟೋಬರ್ 2ರಂದು ತೀರಿಕೊಂಡರು.

ನುರ್ಮಿಯ ಕಾಲು ನಮಗಿಲ್ಲ ಬಿಡಿ. ಆದರೆ ಕೈಗಡಿಯಾರವಂತೂ ಇದೆ, ಅದೂ ಅವರದಕ್ಕಿಂತ ಎಷ್ಟೋ ಬುದ್ಧಿವಂತ ಗಡಿಯಾರ. ನಾವು ಅದನ್ನು ಬಳಸುವುದು ಸ್ಟೇಟಸ್ ಹಾಕಲಿಕ್ಕೆ. ಅವರು ಬಳಸಿದ್ದು ತಮ್ಮ ಕಾಲಿನ ಹತ್ತಿರ ಪ್ರಶ್ನೆ ಕೇಳಲಿಕ್ಕೆ, ಉತ್ತರ ಬಂದ ಮೇಲೆ ಅದನ್ನು ಒಪ್ಪಿಕೊಳ್ಳಲಿಕ್ಕೆ. ನೋವು ಬಂದಾಗ ಧೈರ್ಯ ತೋರಿಸುವುದೂ ಸುಲಭ, ಬಿಟ್ಟುಬಿಡುವುದೂ ಸುಲಭ. ಎಷ್ಟು ತಡೆಯುತ್ತದೆ ಎಂದು ದಿನ ದಿನವೂ ನೋಡಿಕೊಂಡು ಅಷ್ಟೇ ಓಡುವುದು ಕಷ್ಟ.

ನಮ್ಮ ಗುಂಪಿನಲ್ಲಿ ಕುಂಟುತ್ತಿದ್ದವರು ಈಗ ಮತ್ತೆ ಬೆಳಿಗ್ಗೆ ಎದ್ದಿದ್ದಾರೆ. ಮೊದಲ ವಾರ ಬರೀ ನಡಿಗೆ. ಗೇಟಿನಿಂದ ಲೈಬ್ರರಿ ತನಕ, ಲೈಬ್ರರಿಯಿಂದ ಗೇಟಿನ ತನಕ. ಬರುವವರು ಬನ್ನಿ, ಐದೂವರೆಗೆ.