ಎಣಿಕೆ ಬಲ್ಲ ಭಕ್ತ ಬ್ಲೇಸ್ ಪಾಸ್ಕಲ್

ಗಣಿತಜ್ಞರೆಂದು ಲೋಕವು ಗೌರವಿಸುವ ಬ್ಲೇಸ್ ಪಾಸ್ಕಲರು ದೃಢ ವಿಶ್ವಾಸದ ಕಥೋಲಿಕರೂ ಆಗಿದ್ದರೆಂಬುದನ್ನು ನಾವು ಮರೆಯಬಾರದು. 1623ರ ಜೂನ್ 19ರಂದು ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಜನಿಸಿದ ಅವರು ಮೂರನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ತೆರಿಗೆಯ ಲೆಕ್ಕದಲ್ಲಿ ಬಳಲುತ್ತಿದ್ದ ತಂದೆಗೆ ನೆರವಾಗಲೆಂದು ತಾರುಣ್ಯದಲ್ಲಿಯೇ ಲೆಕ್ಕದ ಯಂತ್ರವೊಂದನ್ನು ನಿರ್ಮಿಸಿದರು.

1654ರಲ್ಲಿ ಅವರು ಸಂಖ್ಯಾತ್ರಿಕೋನವನ್ನು ಕುರಿತು ಗ್ರಂಥ ರಚಿಸಿದರು. ಭಾರತದ ಛಂದಶ್ಶಾಸ್ತ್ರಜ್ಞರಿಗೆ ಮೇರುಪ್ರಸ್ತಾರವೆಂದು ಮೊದಲೇ ಪರಿಚಿತವಾಗಿದ್ದ ಈ ರಚನೆಯಲ್ಲಿ, ಮೇಲಿನ ಎರಡು ಸಂಖ್ಯೆಗಳನ್ನು ಕೂಡಿದರೆ ಕೆಳಗಿನದು ದೊರೆಯುತ್ತದೆ. ಸೊನ್ನೆಯಿಂದ ಒಂಬತ್ತರವರೆಗಿನ 10 ಅಂಕಿಗಳಲ್ಲಿ ಮೂರನ್ನು ಆರಿಸುವ ಬಗೆಗಳೆಷ್ಟು? ತ್ರಿಕೋನವು 120 ಎಂದು ತೋರಿಸುತ್ತದೆ. ಆರಿಸಿದ ಮೂರನ್ನು ಆರು ಕ್ರಮಗಳಲ್ಲಿ ಜೋಡಿಸಬಹುದಾದ್ದರಿಂದ ಒಟ್ಟು ಜೋಡಣೆಗಳು 720. ಆಯ್ಕೆಯೇ ಬೇರೆ, ಕ್ರಮವೇ ಬೇರೆ.

ಅದೇ ವರ್ಷದ ನವೆಂಬರ್ 23ರ ರಾತ್ರಿ ಅವರಿಗೆ ಗಾಢವಾದ ದೇವಾನುಭವವಾಯಿತು. ಅದನ್ನು ಬರೆದಿಟ್ಟ ಪತ್ರವನ್ನು ಮೇಲಂಗಿಯ ಒಳಪದರದಲ್ಲಿ ಹೊಲಿದುಕೊಂಡು ಕೊನೆಯವರೆಗೂ ಧರಿಸಿದರು. ತ್ರಿಕೋನದ ಗ್ರಂಥವಾದರೋ ಮರಣಾನಂತರ 1665ರಲ್ಲಿ ಹೊರಬಂದಿತು.

1662ರಲ್ಲಿ, ತಮ್ಮ ಮನೆಯಲ್ಲಿ ಆಶ್ರಯ ನೀಡಿದ್ದ ಬಡ ಕುಟುಂಬದ ಮಗುವಿಗೆ ಸಿಡುಬು ತಗುಲಿತು. ಸ್ವತಃ ರೋಗಪೀಡಿತರಾಗಿದ್ದ ಪಾಸ್ಕಲರು ಮಗುವನ್ನು ಹೊರಗೆ ಕಳುಹಿಸಲೊಪ್ಪದೆ, ತಾವೇ ಮನೆ ಬಿಟ್ಟು ಅಕ್ಕ ಜಿಲ್ಬರ್ಟಳ ಮನೆ ಸೇರಿದರು. ಅಲ್ಲಿಯೇ ಪರಮಪ್ರಸಾದ ಸ್ವೀಕರಿಸಿ, ಆಗಸ್ಟ್ 19ರಂದು 39ನೆಯ ವಯಸ್ಸಿನಲ್ಲಿ ದೈವಾಧೀನರಾದರು. 2023ರಲ್ಲಿ, ಅವರು ಜನಿಸಿ 400 ವರ್ಷ ತುಂಬಿದ ದಿನದಂದು, ಜಗದ್ಗುರು ಫ್ರಾನ್ಸಿಸರು ಪ್ರೇಷಿತ ಪತ್ರದ ಮೂಲಕ ಅವರನ್ನು ಸ್ಮರಿಸಿದರು.

ಮಕ್ಕಳಿಗೆ ಅಂಕಿಗಳ ಕ್ರಮವನ್ನು ಕಲಿಸುವ ನಾವು, ಬಾಳಿನಲ್ಲಿ ಯಾರು ಮೊದಲೆಂಬ ಕ್ರಮವನ್ನೂ ಈ ಮಹನೀಯರಿಂದ ಕಲಿಯೋಣ.