ವಾರ್ಸಾದ ವೈದ್ಯರೂ ಠಾಕೂರರ ನಾಟಕವೂ

ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ನಮ್ಮ ವಾಚಕರಲ್ಲಿ ಹಲವರು ಓದಿರಬಹುದು. ವ್ಯಾಧಿಗ್ರಸ್ತನಾದ ಅಮಲನೆಂಬ ಬಾಲಕನು ವೈದ್ಯನ ಕಟ್ಟಪ್ಪಣೆಯಂತೆ ಮನೆಯೊಳಗೇ ಬಂದಿಯಾಗಿದ್ದಾನೆ. ಕಿಟಕಿಯ ಬಳಿ ಕುಳಿತು, ಬೀದಿಯಲ್ಲಿ ಹೋಗುವ ಮೊಸರಿನವನನ್ನೂ ಕಾವಲುಗಾರನನ್ನೂ ಹೂವಾಡಗಿತ್ತಿಯ ಮಗಳನ್ನೂ ಕರೆಕರೆದು ಮಾತನಾಡಿಸುತ್ತಾನೆ. ಎದುರಿಗೆ ಹೊಸದಾಗಿ ತೆರೆದಿರುವ ಅಂಚೆ ಕಚೇರಿಯಿಂದ ತನಗೂ ರಾಜನದೊಂದು ಓಲೆ ಬಂದೀತೆಂದು ಕಾಯುತ್ತಾನೆ. ಕಡೆಗೆ ರಾಜವೈದ್ಯನು ಬಂದು ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುವನು, ಬಾಲಕನು ನಿದ್ರೆಹೋಗುವನು. ಕಥೆ ಇಷ್ಟೇ. ಈ ಚಿಕ್ಕ ನಾಟಕವು 1942ನೆಯ ಇಸವಿ ಜುಲೈ 18ರಂದು, ಪೋಲೆಂಡ್ ದೇಶದ ವಾರ್ಸಾ ಪಟ್ಟಣದಲ್ಲಿ, ಜರ್ಮನರು ಗೋಡೆ ಕಟ್ಟಿ ಮುಚ್ಚಿದ್ದ ಯೆಹೂದ್ಯರ ಕೇರಿಯೊಳಗೆ, ಅನಾಥ ಮಕ್ಕಳಿಂದ ಅಭಿನಯಿಸಲ್ಪಟ್ಟಿತು. ಠಾಕೂರರು ಕಲಕತ್ತೆಯಲ್ಲಿ ದಿವಂಗತರಾಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಆ ಪ್ರಯೋಗವನ್ನು ಮಾಡಿಸಿದ ಡಾಕ್ಟರ್ ಯಾನುಷ್ ಕೊರ್ಚಾಕರ ಜೀವಿತವನ್ನು ವಾಚಕರ ಮುಂದೆ ಇಡಬೇಕೆಂದು ನಮಗೆ ಬಹುದಿನಗಳಿಂದ ಇದ್ದಿತು.

ಅವರ ನಿಜನಾಮಧೇಯವು ಹೆನ್ರಿಕ್ ಗೋಲ್ಡ್‌ಷ್ಮಿಟ್. ಹುಟ್ಟಿದ್ದು ವಾರ್ಸಾದಲ್ಲಿ, ಜುಲೈ 22ರಂದು. ವರ್ಷವು 1878 ಎಂದೂ 1879 ಎಂದೂ ಎರಡು ಬಗೆಯಾಗಿ ಹೇಳುವುದುಂಟು. ತಂದೆಯು ಸಕಾಲದಲ್ಲಿ ಜನನವನ್ನು ನೋಂದಾಯಿಸದಿದ್ದುದೇ ಇದಕ್ಕೆ ಕಾರಣ. ತಂದೆ ಯೂಜೆಫ್ ವಕೀಲರು, ಹೆಸರುವಾಸಿಯಾದ ಮನೆತನ. ಚಳಿಗಾಲದಲ್ಲಿ ಕೆಲಸವಿಲ್ಲದ ಗಾರೆಯವರು ಆ ಪಟ್ಟಣದಲ್ಲಿ ಬೊಂಬೆಯಾಟದ ಪೆಟ್ಟಿಗೆಯನ್ನು ಹೊತ್ತು ಅಂಗಳದಿಂದ ಅಂಗಳಕ್ಕೆ ತಿರುಗುತ್ತಿದ್ದರು; ಕ್ರಿಸ್ತಜನನದ ಕಥೆಯನ್ನು ಆಡಿಸಿ ತೋರಿಸುತ್ತಿದ್ದರು. ರಾಜನೂ ಯಮನೂ ಸೈತಾನನೂ ಬಂದುಹೋದ ಬಳಿಕ ಕಟ್ಟಕಡೆಗೆ ಚೀಲ ಹಿಡಿದ ಮುದುಕನೊಬ್ಬನು ಬಂದು ಕಾಸು ಬೇಡುವನು. ಎಷ್ಟು ಹಾಕಿದರೂ ಆ ಚೀಲ ತುಂಬದು. ಬಾಲಕ ಹೆನ್ರಿಕನು ಈ ಮುದುಕನನ್ನು ಮುಪ್ಪಿನವರೆಗೆ ಮರೆಯಲಿಲ್ಲ. ನಾವೂ ಆ ಚೀಲವನ್ನು ಮುಂದೆ ಮತ್ತೊಮ್ಮೆ ಕಾಣಲಿದ್ದೇವೆ.

ತಂದೆಗೆ ಚಿತ್ತಭ್ರಮೆಯುಂಟಾಗಿ ಸಂಸಾರವು ಬಡತನಕ್ಕಿಳಿಯಿತು. 1896ರಲ್ಲಿ ಅವರು ಕಾಲವಾದರು. ಮಗನು ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳಿ ತಾಯಿಯನ್ನು ಸಾಕಿದನು. 1898ರಲ್ಲಿ ಒಂದು ನಾಟಕಸ್ಪರ್ಧೆಗೆ ಕೃತಿಯನ್ನು ಕಳುಹುವಾಗ, ಹಳೆಯ ಕಾದಂಬರಿಯೊಂದರ ನಾಯಕನ ಹೆಸರನ್ನು ತನ್ನ ಗುಪ್ತನಾಮವಾಗಿ ಇಟ್ಟುಕೊಂಡನು. ಲೋಕವು ಬಲ್ಲ ಕೊರ್ಚಾಕ್ ಎಂಬ ಹೆಸರು ಹೀಗೆ ನಾಟಕದ ನಿಮಿತ್ತವೇ ಹುಟ್ಟಿತು. ಅದೇ ವರ್ಷ ವೈದ್ಯವಿದ್ಯಾಭ್ಯಾಸಕ್ಕೆ ಸೇರಿ 1905ರಲ್ಲಿ ಪದವಿಯನ್ನು ಪಡೆದರು. ಪೋಲೆಂಡಿನ ಆ ಭಾಗವು ಆಗ ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದುದರಿಂದ, ಪರರ ಸೇನೆಯ ವೈದ್ಯರಾಗಿ ಜಪಾನಿನೊಡನೆ ನಡೆದ ಯುದ್ಧಕ್ಕೆ ಹೋಗಬೇಕಾಯಿತು. ತಿರುಗಿ ಬಂದು ಯೆಹೂದ್ಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಹಲವು ವರ್ಷ ದುಡಿದರು. ಹೆಸರು ಬಂದಿತು, ಹಣವೂ ಬರುವಂತಿತ್ತು. ಔಷಧದಿಂದ ಗುಣಪಟ್ಟ ಮಗುವು ಅದೇ ಕೊಳೆಕೇರಿಗೆ, ಅದೇ ಹಸಿವಿಗೆ ಹಿಂದಿರುಗುವುದನ್ನು ಕಂಡು ಅವರಿಗೆ ಆ ವೃತ್ತಿಯಲ್ಲಿ ತೃಪ್ತಿಯುಳಿಯಲಿಲ್ಲ. ಆಸ್ಪತ್ರೆಯನ್ನು ಬಿಟ್ಟರು, ಮದುವೆಯಾಗಲೇ ಇಲ್ಲ.

1912ರಲ್ಲಿ ಕ್ರೊಖ್ಮಾಲ್ನ ಬೀದಿಯ 92ನೆಯ ಸಂಖ್ಯೆಯಲ್ಲಿ ಯೆಹೂದ್ಯ ಅನಾಥಾಲಯವು ಆರಂಭವಾಯಿತು. ಅದರ ಅಧ್ಯಕ್ಷರು ಕೊರ್ಚಾಕರು. ದಿನನಿತ್ಯದ ಆಡಳಿತವೆಲ್ಲ ಸ್ಟೆಫಾನಿಯ ವಿಲ್ಚಿನ್ಸ್ಕ ಎಂಬ ಮಹಿಳೆಯದು. ಮೂವತ್ತು ವರ್ಷಗಳ ಕಾಲ ನೂರು ಮಕ್ಕಳ ಊಟ, ಬಟ್ಟೆ, ಸ್ನಾನ, ಜ್ವರಗಳನ್ನು ನೋಡಿಕೊಂಡ ಈಕೆಯ ಹೆಸರನ್ನು ಡಾಕ್ಟರರ ಕೀರ್ತಿಯ ನೆರಳಿನಲ್ಲಿ ಮರೆಯುವುದು ನ್ಯಾಯವಲ್ಲ. ಆ ಮನೆಯ ವ್ಯವಸ್ಥೆಯು ಆ ಕಾಲಕ್ಕೆ ವಿಚಿತ್ರವಾಗಿತ್ತು. ಮಕ್ಕಳದೇ ನ್ಯಾಯಸ್ಥಾನ, ನ್ಯಾಯಾಧೀಶರೂ ಮಕ್ಕಳೇ, ಅದಕ್ಕೊಂದು ದಂಡಸಂಹಿತೆ. ನಮ್ಮ ವಾಚಕರಲ್ಲಿ ನ್ಯಾಯಾಂಗದ ಅಧಿಕಾರಿಗಳೂ ವಕೀಲರೂ ಇದ್ದಾರಾದುದರಿಂದ ಹೇಳುತ್ತೇವೆ: ಆ ಸಂಹಿತೆಯ ಕಲಮುಗಳಲ್ಲಿ ಮೊದಲಿನ ತೊಂಬತ್ತೊಂಬತ್ತೂ ಕ್ಷಮೆಯನ್ನೋ ಬಿಡುಗಡೆಯನ್ನೋ ವಿಧಿಸುವಂಥವು. ದೊಡ್ಡವರ ಮೇಲೂ ಮಕ್ಕಳು ಫಿರ್ಯಾದು ಹೂಡಬಹುದಾಗಿತ್ತು; ಡಾಕ್ಟರರೇ ಹಲವು ಬಾರಿ ಆರೋಪಿಗಳ ಸ್ಥಾನದಲ್ಲಿ ನಿಂತು ತೀರ್ಪನ್ನು ಕೇಳಿದರು.

ಅಲ್ಲಿ ಒಂದು ಅಂಚೆಪೆಟ್ಟಿಗೆಯೂ ಇತ್ತು. ಮಗುವಿಗೆ ದೂರಿದ್ದರೆ, ಕೇಳಬೇಕಾದುದಿದ್ದರೆ, ಓಡುತ್ತ ಬಂದು ಅಂಗಿಯ ತುದಿಯನ್ನು ಹಿಡಿದೆಳೆಯುವ ಬದಲು ಚೀಟಿ ಬರೆದು ಅದರಲ್ಲಿ ಹಾಕಬೇಕು. ಸಂಜೆ ಡಾಕ್ಟರರು ಓದಿ ಉತ್ತರ ಕೊಡುವರು. ಬರೆಯುವುದರಿಂದ ಮಗುವು ಕಾಯುವುದನ್ನು ಕಲಿಯುತ್ತದೆ, ಕ್ಷುಲ್ಲಕವಾವುದು ಮುಖ್ಯವಾವುದು ಎಂದು ತಾನೇ ತೂಗಿನೋಡುತ್ತದೆ ಎಂಬುದು ಅವರ ಅಭಿಪ್ರಾಯ. ದೊಡ್ಡವರಿಂದ ತನಗೊಂದು ಉತ್ತರ ಬಂದೇ ಬರುವುದೆಂಬ ನಂಬಿಕೆಯಿಂದ ಕಾಯುವ ಮಗು! ಮುಂದೆ ಇವರು ಬಂಗಾಳದ ಕವಿಯ ನಾಟಕವನ್ನು ಕೈಗೆತ್ತಿಕೊಂಡುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ನಡುವಣ ಕಾಲದ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. ಮೊದಲನೆಯ ಮಹಾಯುದ್ಧದಲ್ಲಿ ಮತ್ತೆ ಸೇನಾವೈದ್ಯರಾಗಿ ಹೋದರು. ಮಕ್ಕಳನ್ನು ಪ್ರೀತಿಸುವ ಬಗೆಯನ್ನು ಕುರಿತ ಅವರ ಪ್ರಸಿದ್ಧ ಗ್ರಂಥವು ಆ ಶಿಬಿರಗಳಲ್ಲಿ ಬರೆದುದು. 1920ರಲ್ಲಿ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆಯಲ್ಲಿದ್ದಾಗ ತಾವೇ ವಿಷಮಜ್ವರವನ್ನು ತಗುಲಿಸಿಕೊಂಡರು; ಅವರನ್ನು ಉಪಚರಿಸಿದ ತಾಯಿಯು ಅದೇ ಜ್ವರದಿಂದ ತೀರಿಕೊಂಡರು. ಬಾಲಕನೊಬ್ಬನು ರಾಜನಾಗಿ ರಾಜ್ಯವಾಳುವ ‘ರಾಜ ಮಾಚುಷ್’ ಕಥೆಯು ಪೋಲೆಂಡಿನ ಮನೆಮನೆಯನ್ನೂ ಸೇರಿತು. 1926ರಲ್ಲಿ ಮಕ್ಕಳೇ ಬರೆಯುವ ವಾರದ ಪತ್ರಿಕೆಯನ್ನು ಸ್ಥಾಪಿಸಿದರು. ಅದು ಒಂದು ದೈನಿಕದ ಶುಕ್ರವಾರದ ಪುರವಣಿಯಾಗಿ 1939ರವರೆಗೆ ನಡೆಯಿತು. 1931ರಲ್ಲಿ ಹುಚ್ಚರ ಸಭೆಯನ್ನು ಕುರಿತ ಅವರ ನಾಟಕವು ವಾರ್ಸಾದ ಅತೆನೇಉಮ್ ರಂಗಮಂದಿರದಲ್ಲಿ ಪ್ರಯೋಗವಾಯಿತು. 1934ರಿಂದ ಆಕಾಶವಾಣಿಯಲ್ಲಿ ಮುದಿ ಡಾಕ್ಟರನೆಂಬ ಹೆಸರಿನಿಂದ ಮಾತನಾಡುತ್ತಿದ್ದರು. ಯೆಹೂದ್ಯನ ಮಾತನ್ನು ಪೋಲಿಷ್ ಮಕ್ಕಳು ಕೇಳುವುದು ಸಹಿಸದವರ ಕೂಗಿನಿಂದ ಆ ಭಾಷಣಗಳು 1936ರಲ್ಲಿ ನಿಂತುಹೋದವು. 1938ರಲ್ಲಿ ಪುನಃ ಆರಂಭವಾದವು. ಕೇಳುವವರ ಸಂಖ್ಯೆ ಬಹಳವಾಗಿದ್ದುದೇ ಅದಕ್ಕೆ ಕಾರಣವಿರಬೇಕು.

1939ರ ಸೆಪ್ಟೆಂಬರಿನಲ್ಲಿ ಜರ್ಮನರು ಪೋಲೆಂಡಿನ ಮೇಲೆ ಬಿದ್ದರು. ವಿಲ್ಚಿನ್ಸ್ಕ ಅವರು ಅದಕ್ಕೆ ಸ್ವಲ್ಪವೇ ಮೊದಲು ಪ್ಯಾಲೆಸ್ಟೈನಿನ ಸುರಕ್ಷಿತ ನೆಲೆಯನ್ನು ಬಿಟ್ಟು ಮಕ್ಕಳ ಬಳಿಗೆ ಹಿಂದಿರುಗಿದ್ದರು. 1940ರ ನವೆಂಬರಿನಲ್ಲಿ ಯೆಹೂದ್ಯರ ಕೇರಿಗೆ ಗೋಡೆ ಬಿದ್ದಿತು. ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನರನ್ನು ಮೂರೂವರೆ ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ತುಂಬಿದರು. ಅನಾಥಾಲಯವೂ ತನ್ನ ಮನೆಯನ್ನು ಬಿಟ್ಟು ಒಳಗೆ ಹೋಗಬೇಕಾಯಿತು. ಹೋಗುವಾಗ ಆಲೂಗಡ್ಡೆಯ ಗಾಡಿಯನ್ನು ಜರ್ಮನರು ಕಿತ್ತುಕೊಂಡರು. ಡಾಕ್ಟರರು ಹಳೆಯ ಸೇನಾಧಿಕಾರಿಯ ಉಡುಪಿನಲ್ಲಿ, ಯೆಹೂದ್ಯರಿಗೆ ಕಡ್ಡಾಯವಾಗಿದ್ದ ತೋಳುಪಟ್ಟಿಯನ್ನು ಧರಿಸದೆಯೇ, ದೂರು ಕೊಡಲು ಹೋದರು. ಪೆಟ್ಟು ತಿಂದು ಪಾವ್ಯಾಕ್ ಸೆರೆಮನೆಗೆ ಸೇರಿದರು. ಹಳೆಯ ಶಿಷ್ಯರು ಹಣ ಕೊಟ್ಟು ಬಿಡಿಸಿ ತಂದಾಗ ಅವರ ಆರೋಗ್ಯವು ಕೆಟ್ಟಿದ್ದಿತು.

ಆ ಬಳಿಕ ಅವರ ನಿತ್ಯಕರ್ಮವೆಂದರೆ ಭಿಕ್ಷಾಟನೆ. ಇನ್ನೂರು ಮಕ್ಕಳಿಗೆ ಅನ್ನವೆಲ್ಲಿಂದ? ಚೀಲವನ್ನು ಹೆಗಲಿಗೇರಿಸಿ, ಕಚೇರಿಗಳನ್ನೂ ಹಣವುಳಿದಿದ್ದವರ ಮನೆಗಳನ್ನೂ ಸುತ್ತಿ, ಬೇಡಿ, ಗದರಿಸಿ, ಜಗಳವಾಡಿ, ಸಿಕ್ಕಿದಷ್ಟನ್ನು ತರುವರು. ಬೊಂಬೆಯಾಟದ ಮುದುಕನ ಚೀಲವು ಅರುವತ್ತು ವರ್ಷಗಳ ಮೇಲೆ ಅವರದೇ ಹೆಗಲಿಗೆ ಬಂದಿತು. ಇಷ್ಟರ ನಡುವೆಯೂ ಮಕ್ಕಳ ನ್ಯಾಯಸ್ಥಾನವು ನಿಲ್ಲಲಿಲ್ಲ. ಪಾಠಗಳು, ಸಂಗೀತ ಕಚೇರಿಗಳು, ಬೊಂಬೆಯಾಟಗಳು ನಿಲ್ಲಲಿಲ್ಲ.

‘ಡಾಕ್‌ಘರ್’ ಪ್ರಯೋಗವು ಸಿದ್ಧವಾದುದು ಹೀಗೆ. ಎಸ್ತರ್ಕಾ ವಿನೊಗ್ರೋನ್ ಎಂಬ ವಿದ್ಯಾರ್ಥಿನಿಯು ಅನಾಥಾಲಯದಲ್ಲಿ ಸ್ವಯಂಸೇವಕಿಯಾಗಿದ್ದಳು. ಮಕ್ಕಳಿಗೆ ಅಭಿನಯವನ್ನು ಕಲಿಸಿದವಳು ಈಕೆಯೇ. ಪಿಟೀಲು ಬಾರಿಸುತ್ತಿದ್ದ ಬಾಲಕನೊಬ್ಬನಿಗೆ ಅಮಲನ ಪಾತ್ರವು ಬಂದಿತು. ಆಹ್ವಾನಪತ್ರಿಕೆಗಳು ಹೋದವು, ಪ್ರವೇಶಧನವಿರಲಿಲ್ಲ. ಪ್ರಯೋಗದ ಹಿಂದಣ ಇರುಳು ಆಹಾರವು ವಿಷವಾಗಿ ಮಕ್ಕಳೂ ಸಿಬ್ಬಂದಿಯವರೂ ವಾಂತಿಯಿಂದ ನರಳಿದರು. ಡಾಕ್ಟರರೂ ವಿಲ್ಚಿನ್ಸ್ಕ ಅವರೂ ಕತ್ತಲಲ್ಲಿ ಹಾಸಿಗೆಯಿಂದ ಹಾಸಿಗೆಗೆ ತಿರುಗಿದರು. ಆದರೂ ಮರುದಿನ ಆಟವು ನಡೆಯಿತು. ಸಭಾಂಗಣವು ಮಕ್ಕಳಿಂದಲೂ ಕೇರಿಯ ಮಿತ್ರರಿಂದಲೂ ತುಂಬಿತ್ತು. ಹೊರಗೆ ಹೋಗಲಾರದ ಬಾಲಕನು ಬೆಟ್ಟದಾಚೆಯ ಊರುಗಳನ್ನು ನೆನೆಯುವ ಮಾತುಗಳನ್ನು, ಎರಡು ವರ್ಷಗಳಿಂದ ಮರವನ್ನೂ ಹೊಳೆಯನ್ನೂ ಕಾಣದ ಮಕ್ಕಳು ಕೇಳಿದರು. ಅವರಿಗೆ ಅದು ಪರದೇಶದ ಕಥೆಯೆನಿಸಿರಲಾರದು.

ಈ ನಾಟಕವನ್ನೇ ಏಕೆ ಆರಿಸಿದಿರೆಂದು ಕೇಳಿದವರಿಗೆ, ಮೃತ್ಯುದೇವತೆಯನ್ನು ಶಾಂತಚಿತ್ತದಿಂದ ಬರಮಾಡಿಕೊಳ್ಳುವುದನ್ನು ಕಡೆಗೊಮ್ಮೆ ಕಲಿಯಬೇಕಾಗುತ್ತದೆಂಬರ್ಥದ ಉತ್ತರವನ್ನು ಅವರು ಕೊಟ್ಟರೆಂದು ಹೇಳುವರು. ಈ ಸಂಗತಿಯನ್ನು ಓದಿದ ಕೆಲವರು ಹುಬ್ಬುಗಂಟಿಕ್ಕುವುದನ್ನು ನಾವು ಬಲ್ಲೆವು. ಹಸಿದು ಸಾಯುತ್ತಿರುವ ಮಕ್ಕಳ ಕೈಯಿಂದ ಸಾಯುವ ಮಗುವಿನ ಕಥೆಯನ್ನು ಆಡಿಸುವುದೆ? ಅವರನ್ನು ನಗಿಸಬಾರದಾಗಿತ್ತೆ? ಆಕ್ಷೇಪಣೆಯು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಆ ಮಕ್ಕಳು ದಿನವೂ ಬೀದಿಯಲ್ಲಿ ಕಾಗದ ಹೊದಿಸಿದ ಹೆಣಗಳನ್ನು ದಾಟಿ ನಡೆದವರು. ಅವರಿಗೆ ಸಾವಿನ ಸುದ್ದಿಯನ್ನು ಮುಚ್ಚಿಡಲು ಯಾರಿಂದಲೂ ಆಗುತ್ತಿರಲಿಲ್ಲ. ಎಲ್ಲವೂ ಸರಿಹೋಗುವುದೆಂದು ಸುಳ್ಳು ಹೇಳಿ ನಗಿಸುವುದು ಒಂದು ದಾರಿ. ಮಗುವನ್ನು ತನ್ನಷ್ಟೇ ಗೌರವಕ್ಕೆ ಪಾತ್ರವೆಂದೆಣಿಸಿ, ಅದರ ಭಯಕ್ಕೆ ಒಂದು ರೂಪವನ್ನೂ ಹೂವನ್ನೂ ಕಿಟಕಿಯನ್ನೂ ಕೊಡುವುದು ಇನ್ನೊಂದು. ಮಕ್ಕಳಿಗೆ ಸುಳ್ಳಾಡಬಾರದೆಂಬುದು ಡಾಕ್ಟರರ ಜೀವಮಾನದ ನಿಯಮವಾಗಿತ್ತು. ಅವರು ಎರಡನೆಯ ದಾರಿಯನ್ನು ಹಿಡಿದರು. ಅದು ಸರಿಯೆಂದೇ ನಮ್ಮ ಮತ.

ಇನ್ನೊಂದು ಮಾತು. ಅವರು ಆ ದಿನಗಳಲ್ಲಿ ಬರೆಯುತ್ತಿದ್ದ ದಿನಚರಿಯಲ್ಲಿ ಪ್ರಯೋಗದ ಪ್ರಸ್ತಾಪವಿದೆ. ಚಪ್ಪಾಳೆ, ಮುಗುಳ್ನಗೆ, ಹಸ್ತಲಾಘವಗಳನ್ನು ಹೇಳಿ, ನಿನ್ನೆಯ ನಟರು ಇಂದೂ ತಂತಮ್ಮ ಪಾತ್ರಗಳಲ್ಲೇ ಮುಂದುವರಿದರೆ ಏನಾದೀತೆಂದು ಯೋಚಿಸುತ್ತಾರೆ: ಒಬ್ಬನು ತಾನು ಫಕೀರನೇ ಎಂದುಕೊಂಡರೆ, ಇನ್ನೊಬ್ಬನು ನಿಜವಾದ ವೈದ್ಯನೇ ಎಂದುಕೊಂಡರೆ! ಇದರಲ್ಲಿ ಮೃತ್ಯುವಿನ ಉಪದೇಶವಿಲ್ಲ. ಆಟ ಮುಗಿದ ಮೇಲೂ ಆಟವನ್ನು ಬಿಡಲೊಲ್ಲದ ಹುಡುಗತನವಿದೆ. ಡಾಕ್ಟರರನ್ನು ಕೇವಲ ಹುತಾತ್ಮರನ್ನಾಗಿ ಚಿತ್ರಿಸುವವರು ಇದನ್ನು ಬಿಟ್ಟುಬಿಡುತ್ತಾರೆ.

ನಾಟಕವಾಗಿ ನಾಲ್ಕು ದಿನಗಳಿಗೆ, ಜುಲೈ 22ರಂದು, ಡಾಕ್ಟರರ ಜನ್ಮದಿನದಂದೇ, ಕೇರಿಯ ಜನರನ್ನು ಸಾಗಿಸುವ ಕಾರ್ಯವು ಆರಂಭವಾಯಿತು. ಪೂರ್ವಕ್ಕೆ ಕೆಲಸಕ್ಕಾಗಿ ಒಯ್ಯುವೆವೆಂದು ಜರ್ಮನರು ಸಾರಿದರು. ಒಯ್ದುದು ಟ್ರೆಬ್ಲಿಂಕದ ಕೊಲೆಗಾರಿಕೆಯ ಶಿಬಿರಕ್ಕೆ. ಮಕ್ಕಳ ಹೆಸರನ್ನು ಪಟ್ಟಿಗೆ ಸೇರಿಸಲಾರದೆ ಯೆಹೂದ್ಯ ಮಂಡಲಿಯ ಅಧ್ಯಕ್ಷ ಚೆರ್ನಿಯಾಕೋವ್ ಮರುದಿನ ವಿಷ ಸೇವಿಸಿ ಪ್ರಾಣ ಬಿಟ್ಟರು. ಹೊರಗಿನ ಮಿತ್ರರು ಡಾಕ್ಟರರೊಬ್ಬರನ್ನಾದರೂ ಪಾರುಮಾಡಬೇಕೆಂದು ಸುಳ್ಳು ಗುರುತಿನ ಕಾಗದಗಳನ್ನು ಸಿದ್ಧಮಾಡಿದ್ದರು, ಅವರು ಒಪ್ಪಲಿಲ್ಲ. ಆಗಸ್ಟ್ 4ರಂದು ಅವರು ದಿನಚರಿಯನ್ನು ಕಡೆಯ ಬಾರಿ ಬರೆದರು. ಕಿಟಕಿಯಲ್ಲಿ ಹೂಗಿಡಗಳಿಗೆ ನೀರೆರೆಯುತ್ತಿದ್ದಾರೆ. ಕೆಳಗೆ ಬಂದೂಕು ಹಿಡಿದ ಸಿಪಾಯಿಯು ನೋಡುತ್ತ ನಿಂತಿದ್ದಾನೆ. ಆತನು ತನ್ನೂರಿನಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದನೋ ಏನೋ ಎಂದು ಇವರು ಯೋಚಿಸುತ್ತಾರೆ.

ಮರುದಿನ ಬೆಳಗ್ಗೆ ಕರೆ ಬಂದಿತು. ಡಾಕ್ಟರರೂ ವಿಲ್ಚಿನ್ಸ್ಕ ಅವರೂ ಇನ್ನೂರರಷ್ಟು ಮಕ್ಕಳೂ ಸಹಾಯಕರೂ ಸಾಲಾಗಿ ನಡೆದು ರೈಲಿನ ಅಂಗಳವನ್ನು ಸೇರಿದರು. ಅಲ್ಲಿದ್ದ ಮಂಡಲಿಯ ನೌಕರ ನಾಖುಮ್ ರೆಂಬ ಎಂಬಾತನು, ತನ್ನೊಡನೆ ಬಂದು ಅಧಿಕಾರಿಗಳಲ್ಲಿ ಬಿನ್ನವಿಸಿಕೊಳ್ಳಿರೆಂದು ಕೇಳಿಕೊಂಡನು. ಆ ಹೊತ್ತಿನಷ್ಟಾದರೂ ಮಕ್ಕಳನ್ನು ಬಿಟ್ಟುಹೋಗಲು ಡಾಕ್ಟರರು ಸಮ್ಮತಿಸಲಿಲ್ಲ. ಎಸ್ತರ್ಕಾ ಕೂಡ ಆ ಬೇಸಗೆಯನ್ನು ದಾಟಿ ಬದುಕಲಿಲ್ಲ.

ಈ ಕಡೆಯ ನಡಿಗೆಯನ್ನು ಕುರಿತು ಅನೇಕ ಕಥೆಗಳು ಬೆಳೆದಿವೆ. ಮಕ್ಕಳು ರಾಜ ಮಾಚುಷನ ಹಸುರು ಬಾವುಟವನ್ನು ಹಿಡಿದಿದ್ದರೆಂದೂ, ಜರ್ಮನ್ ಅಧಿಕಾರಿಯೊಬ್ಬನು ಡಾಕ್ಟರರ ಪುಸ್ತಕವನ್ನು ಬಾಲ್ಯದಲ್ಲಿ ಓದಿದ್ದವನಾಗಿ ಬಿಡುಗಡೆಯನ್ನು ನೀಡಬಂದನೆಂದೂ ಹೇಳುವರು. ಕಂಡವರ ಹೇಳಿಕೆಗಳು ಒಂದಕ್ಕೊಂದು ಕೂಡಿಬರುವುದಿಲ್ಲವಾದುದರಿಂದ ನಾವು ಇವನ್ನು ಪ್ರಮಾಣವೆಂದು ಎತ್ತಿಕೊಂಡಿಲ್ಲ. ದಿನಚರಿಯು ಮಾತ್ರ ಉಳಿಯಿತು. ಅದನ್ನು ಕೇರಿಯಿಂದ ಹೊರಗೆ ಸಾಗಿಸಿ, ಬ್ಯೇಲಾನಿಯ ಅನಾಥಾಲಯದ ಗೋಡೆಯೊಳಗೆ ಇಟ್ಟಿಗೆಯಿಟ್ಟು ಮುಚ್ಚಿದ್ದರು, 1958ರಲ್ಲಿ ಅಚ್ಚಾಯಿತು. ಟ್ರೆಬ್ಲಿಂಕದಲ್ಲಿ ಸಮಾಧಿಗಳಿಲ್ಲ. ಅಲ್ಲಿ ನಿಲ್ಲಿಸಿರುವ 17,000ದಷ್ಟು ಕಲ್ಲುಗಳಲ್ಲಿ ಕೆಲವಕ್ಕೆ ಅಳಿದುಹೋದ ಊರುಗಳ ಹೆಸರುಗಳಿವೆ. ವ್ಯಕ್ತಿಯ ಹೆಸರಿರುವುದು ಒಂದೇ ಕಲ್ಲಿನ ಮೇಲೆ. ಅದು ಯಾನುಷ್ ಕೊರ್ಚಾಕರ ಹೆಸರು, ಅದರ ಜತೆಗೆ ಮಕ್ಕಳು ಎಂಬ ಮಾತು.